ಎರಿ ಹೊಲದಲ್ಲಿ ಕಂಬದ ಕುಣಿ

ಮಸರಕಲ್, ಗಬ್ಬೂರು, ದೇವದುರ್ಗದ ಕಡೆ ಹೊಲದಲ್ಲೊಂದು ಶೆಡ್ಡು ಹಾಕಬೇಕೆಂದು ಮನಸ್ಸು ಮಾಡಿದವರು ಮೊದಲು ವಿಚಾರಿಸುವುದು ತಗಡಿನ ರೇಟು. ಆಮೇಲೆ ಪೈಪಿನ ರೇಟು, ವೆಲ್ಡಿಂಗ್ ಮಾಡುವವನ ಕೂಲಿ. ಕಂಬದ ಕುಣಿಯ ಮಾತು ಬರುವುದು ಎಲ್ಲಕ್ಕಿಂತ ಕೊನೆಗೆ. ಅದೂ "ಇಬ್ಬರು ಆಳು ಹಚ್ಚಿದ್ರ ಮಧ್ಯಾಹ್ನದೊಳಗ ಮುಗೀತದ ಬಿಡ್ರಿ" ಅನ್ನುವಷ್ಟಕ್ಕೆ. ಏಪ್ರಿಲ್–ಮೇ ತಿಂಗಳ ಒಂದು ಸಂಜೆ ಧೂಳೆದ್ದು, ಆಕಾಶ ಕಪ್ಪಾಗಿ, ಮಳೆಗಿಂತ ಮೊದಲು ಗಾಳಿ ನುಗ್ಗಿದಾಗ ತಗಡು ಹಾರಿ ಪಕ್ಕದ ಹೊಲಕ್ಕೆ ಬೀಳುತ್ತದೆ. ಎಲ್ಲರೂ ತಗಡನ್ನು, ಸ್ಕ್ರೂ ಹೊಡೆದವನನ್ನು ಬೈಯುತ್ತಾರೆ. ಹತ್ತಿರ ಹೋಗಿ ನೋಡಿದರೆ ಒಂದೆರಡು ಕಂಬ ಬುಡದ ಕಾಂಕ್ರೀಟ್ ಗಡ್ಡೆಯ ಸಮೇತ, ಕಿತ್ತ ಮೂಲಂಗಿಯ ಹಾಗೆ ಮಲಗಿರುತ್ತವೆ. ತಗಡು ಬಿಡಲಿಲ್ಲ, ಕಂಬವೂ ಮುರಿಯಲಿಲ್ಲ. ಬಿಟ್ಟಿದ್ದು ನೆಲ.

ಈ ತೊಂದರೆ ನಮ್ಮ ಹಿರಿಯರಿಗೆ ಯಾಕೆ ಇರಲಿಲ್ಲ ಎಂದು ಕೇಳಿದರೆ ಉತ್ತರ ಮಾಳಿಗೆ ಮನೆಯಲ್ಲಿದೆ. ರಾಯಚೂರು ಸೀಮೆಯ ಹಳೆಯ ಮಾಳಿಗೆಯ ಕಂಬ ನೆಲದಲ್ಲಿ ಹೂತಿರುವುದೇ ಇಲ್ಲ. ಒಂದು ಅಡಿಗಲ್ಲಿನ ಮೇಲೆ ಸುಮ್ಮನೆ ನಿಂತಿರುತ್ತದೆ. ಅದರ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಚಿಲಕಿ, ಅದರ ಮೇಲೆ ಮುಕ್ಕಾಲು ಅಡಿಯಿಂದ ಒಂದು ಅಡಿ ಮಣ್ಣು. ಮುಕ್ಕಾಲು ಅಡಿ ಮಣ್ಣೆಂದರೆ ಚದರ ಮೀಟರಿಗೆ 350 ಕಿಲೋ ಮೀರುತ್ತದೆ. ಇಪ್ಪತ್ತು ಅಡಿ ಉದ್ದ, ಹತ್ತು ಅಡಿ ಅಗಲದ ಮಾಳಿಗೆಯಾದರೆ ಆರೂವರೆ ಟನ್ನಿಗಿಂತ ಹೆಚ್ಚು. ಅಷ್ಟು ಭಾರ ತಲೆಯ ಮೇಲೆ ಕೂತಿರುವಾಗ ಯಾವ ಗಾಳಿ ಕಂಬವನ್ನು ಎತ್ತೀತು? ಮಾಳಿಗೆಯ ಕಂಬಕ್ಕೆ ಕುಣಿ ಬೇಕಿರಲಿಲ್ಲ. ಬುಡದ ಮರಕ್ಕೆ ನೆಲದ ತೇವ ತಾಗದಂತೆ ಒಂದು ಕಲ್ಲಿದ್ದರೆ ಸಾಕಿತ್ತು.

ಈಗ ಅದೇ ಅಳತೆಯ ತಗಡಿನ ಶೆಡ್ಡನ್ನು ತೆಗೆದುಕೊಳ್ಳಿ. ಅರ್ಧ ಮಿಲಿಮೀಟರ್ ದಪ್ಪದ ತಗಡಾದರೆ ಇಡೀ ಚಾವಣಿಯ ತೂಕ 90 ಕಿಲೋ ಆಸುಪಾಸು. ಗಾಳಿಯ ಒತ್ತಡದ ಲೆಕ್ಕ ಸುಲಭ: ವೇಗವನ್ನು ಸೆಕೆಂಡಿಗೆ ಇಷ್ಟು ಮೀಟರ್ ಎಂದು ಹಿಡಿದು, ಅದನ್ನು ಅದರಿಂದಲೇ ಗುಣಿಸಿ, ಮತ್ತೆ 0.6ರಿಂದ ಗುಣಿಸಿದರೆ ಚದರ ಮೀಟರಿಗೆ ಎಷ್ಟು ನ್ಯೂಟನ್ ಎಂದು ಸಿಗುತ್ತದೆ. ಕಟ್ಟಡಗಳ ಮೇಲಿನ ಗಾಳಿಭಾರಕ್ಕೆ ಭಾರತೀಯ ಮಾನಕ 875ರ ಮೂರನೇ ಭಾಗ ಬಳಸುವ ಸೂತ್ರವೂ ಇದೇ. ಗಂಟೆಗೆ 100 ಕಿಲೋಮೀಟರ್ ವೇಗದ ಒಂದು ಹೊಡೆತಕ್ಕೆ ಇದು ಚದರ ಮೀಟರಿಗೆ ಸುಮಾರು 47 ಕಿಲೋ ಆಗುತ್ತದೆ. ಒಂದು ಕಡೆ ಗೋಡೆಯಿದ್ದು ಇನ್ನೊಂದು ಕಡೆ ತೆರೆದ ದನದ ಶೆಡ್ಡಿನಲ್ಲಿ ಗಾಳಿ ಒಳಗೆ ನುಗ್ಗಿ ಕೆಳಗಿನಿಂದ ತಗಡನ್ನು ದೂಡುತ್ತದೆ, ಮೇಲಿನಿಂದ ಹೀರುತ್ತದೆ. ಇಪ್ಪತ್ತು ಹತ್ತರ ಶೆಡ್ಡಿಗೆ ಮೇಲ್ಮುಖವಾಗಿ 800 ಕಿಲೋಗೂ ಹೆಚ್ಚು ಎಳೆತ ಬಂದರೆ ಆಶ್ಚರ್ಯವಿಲ್ಲ. ಆರು ಕಂಬದ ಶೆಡ್ಡಾದರೆ ನಡುವಿನ ಎರಡು ಕಂಬಗಳ ಪಾಲಿಗೆ ತಲಾ 200 ಕಿಲೋ ಮೀರಿ ಬರುತ್ತದೆ. ಮೂಲೆಯ ಕಂಬಕ್ಕೆ ಅದರರ್ಧ ಅಂತ ಲೆಕ್ಕದಲ್ಲಿ ಕಂಡರೂ, ಚಾವಣಿಯ ಅಂಚು–ಮೂಲೆಗಳಲ್ಲಿ ಗಾಳಿಯ ಹೀರಿಕೆ ಜಾಸ್ತಿ. ಹಾಗಾಗಿ ಮೂಲೆಗೆ ರಿಯಾಯಿತಿ ಕೊಡುವಂತಿಲ್ಲ.

ತಗಡಿನ ಮೇಲೆ ಕಲ್ಲು, ಮರಳಿನ ಚೀಲ, ಹಳೆಯ ಟೈರು ಹೇರುವ ರೂಢಿ ಹುಟ್ಟಿದ್ದು ಇದೇ ಅನುಭವದಿಂದ. ಮಾಳಿಗೆಯ ಮಣ್ಣಿನ ಭಾರವನ್ನು ಜನ ತಮಗೆ ಗೊತ್ತಿಲ್ಲದಂತೆ ಕಲ್ಲಿನ ರೂಪದಲ್ಲಿ ಮತ್ತೆ ಮೇಲೇರಿಸುತ್ತಿದ್ದಾರೆ. ತಗಡು ಎದ್ದಾಗ ಆ ಕಲ್ಲು ಮೊದಲು ಉರುಳುವುದು ಒಳಗೆ ಕಟ್ಟಿದ ಎಮ್ಮೆಯ ಮೇಲೆ, ಇಲ್ಲವೇ ಮಳೆಗೆಂದು ಓಡಿಬಂದು ನಿಂತ ಮನುಷ್ಯರ ಮೇಲೆ. ಆ ಭಾರ ಇರಬೇಕಾದ್ದು ನೆಲದೊಳಗೆ, ಕಂಬದ ಬುಡದಲ್ಲಿ.

ಒಂದು ಅಡಿ ಅಗಲ, ಮೂರು ಅಡಿ ಆಳದ ದುಂಡನೆಯ ಕುಣಿಗೆ ಪೂರ್ತಿ ಕಾಂಕ್ರೀಟ್ ತುಂಬಿದರೆ ಅದರ ತೂಕ 160 ಕಿಲೋ. ನಡುವಿನ ಕಂಬಕ್ಕೆ ಬೇಕಾದದ್ದು 200 ಮೀರಿ. ಉಳಿದದ್ದನ್ನು ಸುತ್ತಲಿನ ಮಣ್ಣು ಹಿಡಿದುಕೊಳ್ಳುತ್ತದೆ ಅಲ್ಲವೇ ಎಂದು ಯಾರಾದರೂ ಕೇಳಬಹುದು. ಮಸಾರಿ, ಅಂದರೆ ಕೆಂಪು ಮಣ್ಣಿನ ಹೊಲದಲ್ಲಾದರೆ ಹೌದು. ಎರಿ, ಅಂದರೆ ಕಪ್ಪು ಮಣ್ಣಿನ ಹೊಲದಲ್ಲಿ ಅದನ್ನು ನಂಬುವ ಹಾಗಿಲ್ಲ, ಅದರಲ್ಲೂ ಬೇಸಿಗೆಯಲ್ಲಿ.

ನಮ್ಮ ಎರಿ ಮಣ್ಣಿನಲ್ಲಿರುವ ಜೇಡಿಯ ಬಹುಪಾಲು ಮಾಂಟ್‌ಮೊರಿಲೊನೈಟ್ ಜಾತಿಯದು. ಅದರ ಕಣಗಳು ಪದರ ಪದರವಾಗಿವೆ. ನೀರು ಸಿಕ್ಕರೆ ಪದರಗಳ ನಡುವೆ ನುಗ್ಗಿ ಮಣ್ಣು ಉಬ್ಬುತ್ತದೆ, ನೀರು ಆರಿದರೆ ಕುಗ್ಗುತ್ತದೆ. ಶಿವರಾತ್ರಿ ಕಳೆದು ಯುಗಾದಿ ಬರುವ ಹೊತ್ತಿಗೆ ಎರಿ ಹೊಲ ಬಾಯಿ ಬಿಡುವುದನ್ನು ಇಲ್ಲಿಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಕೈ ಹೋಗುವಷ್ಟು ಅಗಲದ ಬಿರುಕು ಮೂರು ನಾಲ್ಕು ಅಡಿ ಕೆಳಗಿಳಿದಿರುತ್ತದೆ. ಹೊಲದ ನಡುವೆ ಕಾಣುವ ಬಿರುಕು ಎಲ್ಲರ ಕಣ್ಣಿಗೆ ಬೀಳುತ್ತದೆ. ಕಾಂಕ್ರೀಟ್ ಗಡ್ಡೆಯ ಸುತ್ತ ಬೀಳುವ ಬಿರುಕನ್ನು ಯಾರೂ ನೋಡುವುದಿಲ್ಲ. ಮಣ್ಣು ಕುಗ್ಗಿದಾಗ ಗಡ್ಡೆಯಿಂದ ದೂರ ಸರಿದು ಸುತ್ತಲೂ ಬೆರಳು ಹೋಗುವಷ್ಟು ಸಂದು ಬಿಟ್ಟಿರುತ್ತದೆ. ಗಡ್ಡೆ ಆಗ ತನ್ನ ತೂಕದ ಮೇಲಷ್ಟೇ ನಿಂತಿದೆ. ವರ್ಷದಲ್ಲಿ ಅತಿ ಜೋರಾದ ಗಾಳಿ ಬರುವುದೂ ಮುಂಗಾರಿಗೆ ಮುಂಚಿನ ಅದೇ ಒಣ ದಿನಗಳಲ್ಲಿ. ನಮ್ಮ ಭಾಗದ ಶೆಡ್ಡುಗಳ ದುರದೃಷ್ಟವೆಲ್ಲ ಇದರಲ್ಲಿದೆ: ಗಾಳಿ ಎಳೆಯುವ ಹೊತ್ತಿಗೆ ಸರಿಯಾಗಿ ಎರಿ ಕೈ ಬಿಟ್ಟಿರುತ್ತದೆ.

ಮಳೆಗಾಲದ ಕಥೆ ಇದರ ತಿರುವು ಮುರುವು. ಮಣ್ಣು ಉಬ್ಬಿ ಗಡ್ಡೆಯ ಒರಟು ಮೈಯನ್ನು ಬಿಗಿಯಾಗಿ ಹಿಡಿದು ಮೇಲಕ್ಕೆ ನೂಕುತ್ತದೆ. ಬೇಸಿಗೆಯಲ್ಲಿ ಗಡ್ಡೆ ಪೂರ್ತಿ ಕೆಳಗಿಳಿಯುವುದಿಲ್ಲ, ಯಾಕೆಂದರೆ ಬುಡದ ಸಂದಿಗೆ ಪುಡಿ ಮಣ್ಣು ಸೇರಿಕೊಂಡಿರುತ್ತದೆ. ವರ್ಷಕ್ಕೆ ಸ್ವಲ್ಪ ಸ್ವಲ್ಪವೇ ಎದ್ದು, ನಾಲ್ಕೈದು ಮಳೆಗಾಲ ಕಳೆಯುವಷ್ಟರಲ್ಲಿ ಒಂದು ಕಂಬ ಎತ್ತರ, ಒಂದು ತಗ್ಗು, ಬಾಗಿಲು ಹಾಕಿದರೆ ಕೂಡುವುದಿಲ್ಲ. ಎರಿ ಹೊಲದ ನಡುವೆ ಹಾದುಹೋಗುವ ಕರೆಂಟ್ ಕಂಬಗಳ ಸಾಲನ್ನು ನೋಡಿ. ಉದ್ದದ ಆರನೇ ಒಂದು ಭಾಗ ನೆಲದೊಳಗಿರಬೇಕೆಂಬ ರೂಢಿಯ ಲೆಕ್ಕದಂತೆ ನೆಟ್ಟ ಕಂಬಗಳೂ ಅಲ್ಲಿ ಒಂದು ಆ ಕಡೆ, ಒಂದು ಈ ಕಡೆ ವಾಲಿರುತ್ತವೆ.

ಹಾಗಾದರೆ ಎಷ್ಟು ಆಳ? ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯವರು ಈ ಪ್ರಶ್ನೆಯ ಮೇಲೆ ಬಹಳ ಕೆಲಸ ಮಾಡಿದ್ದಾರೆ. ಋತುವಿನಿಂದ ಋತುವಿಗೆ ಉಬ್ಬಿ ಕುಗ್ಗುವ ಆಟ ಭಾರತದ ಎರೆ ನೆಲದಲ್ಲಿ ಸುಮಾರು ಮೂರೂವರೆ ಮೀಟರ್ ಆಳದವರೆಗೆ ನಡೆಯುತ್ತದೆಂದು ಲೆಕ್ಕ ಹಾಕಿ, ಅಷ್ಟು ಆಳದ ಸಣ್ಣ ಕುಣಿಯನ್ನು ಕೈಗಿರಮಿಟ್‌ನಿಂದಲೇ ಕೊರೆದು, ಬುಡದಲ್ಲಿ ಮಾತ್ರ ಅಗಲ ಮಾಡಿ ಕಾಂಕ್ರೀಟ್ ತುಂಬುವ ವಿಧಾನವನ್ನು ಬಳಕೆಗೆ ತಂದರು. ಬುಡದ ಉಬ್ಬು ಸಾಮಾನ್ಯವಾಗಿ ಮೇಲಿನ ಕುಣಿಯ ಎರಡೂವರೆ ಪಟ್ಟು ಅಗಲ. ಭಾರತೀಯ ಮಾನಕ 2911ರ ಮೂರನೇ ಭಾಗ ಇದಕ್ಕೇ ಮೀಸಲು. ಮನೆ ಕಟ್ಟುವವರು, ಶಾಲೆ ಕಟ್ಟಿಸುವವರು ಅದನ್ನು ಓದಿದ ಎಂಜಿನಿಯರನ್ನು ಹಿಡಿಯಬೇಕು. ನಾಲ್ಕು ದನ, ಒಂದಿಷ್ಟು ಹೊಟ್ಟು, ಗೊಬ್ಬರದ ಚೀಲ ಇಡುವ ಶೆಡ್ಡಿಗೆ ಹನ್ನೊಂದೂವರೆ ಅಡಿ ಕುಣಿ ತೋಡಿರೆಂದು ಹೇಳಿದರೆ ಯಾರೂ ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ತಗಡಿನ ಶೆಡ್ಡು ಒಂದಿಂಚು ಆಚೀಚೆ ಸರಿದರೂ ತಾಳಿಕೊಳ್ಳುತ್ತದೆ. ರೂರ್ಕಿಯವರಿಂದ ನಾವು ಕಡ ತರಬೇಕಾದದ್ದು ಕುಣಿಯ ಆಕಾರವನ್ನು: ಬಾಯಿ ಕಿರಿದು, ಬುಡ ಅಗಲ.

ನಮ್ಮಲ್ಲಿ ತೋಡುವ ಕುಣಿ ಇದಕ್ಕೆ ನೇರ ಉಲ್ಟಾ. ಮೇಲೆ ಎರಡು ಅಡಿ, ಕೆಳಗೆ ಹೋದಂತೆ ಮೊನಚು. ಇದು ಸೋಮಾರಿತನವಲ್ಲ, ಕೈಯ ಅಳತೆಯ ಕಥೆ. ಹಾರಿಯಿಂದ ಮಣ್ಣು ಸಡಿಲ ಮಾಡಿದ ಮೇಲೆ ಅದನ್ನು ಹೊರಗೆ ತೆಗೆಯಬೇಕು. ಸಲಕಿ ಹೋಗಬೇಕಾದರೆ ಬಾಯಿ ಅಗಲವಾಗಲೇಬೇಕು. ಹೀಗೆ ಬಾಯಿ ಅಗಲ ಮಾಡುತ್ತ ಹೋದರೆ ಕೆಲಸ ಎಷ್ಟು ಬೆಳೆಯುತ್ತದೆ ಎಂಬುದು ಯಾರ ಗಮನಕ್ಕೂ ಬರುವುದಿಲ್ಲ. ಒಂದು ಅಡಿ ಅಗಲದ ಕುಣಿಯಿಂದ ಬರುವ ಮಣ್ಣಿಗಿಂತ ಎರಡು ಅಡಿ ಅಗಲದ ಕುಣಿಯಿಂದ ಬರುವುದು ನಾಲ್ಕು ಪಟ್ಟು. ಅಷ್ಟು ತೆಗೆಯಬೇಕು, ಅಷ್ಟು ಮತ್ತೆ ತುಂಬಬೇಕು, ಕಾಂಕ್ರೀಟಾದರೆ ಅಷ್ಟು ಸಿಮೆಂಟ್ ಖರ್ಚು. ಲಾಭವಂತೂ ಇಲ್ಲ. ಮೊನಚು ಬುಡದ ಗಡ್ಡೆ ಮೇಲಕ್ಕೆ ಎಳೆದಷ್ಟೂ ಸಲೀಸಾಗಿ ಜಾರಿ ಬರುತ್ತದೆ.

ಹಳೆಯ ಕೈಗಳು ಇದನ್ನು ಬೇರೆ ರೀತಿ ಮಾಡುತ್ತಿದ್ದವು. ಮಸರಕಲ್ಲಿನ ಹಿರಿಯರೊಬ್ಬರು ಹೊಟ್ಟೆಯ ಮೇಲೆ ಮಲಗಿ ಕುಣಿಯಿಂದ ಮಣ್ಣು ತೆಗೆಯುವುದನ್ನು ನೋಡಿದೆ. ಹಾರಿಯನ್ನು ನೇರ ಎತ್ತಿ ಬಿಡುವುದು, ಬಿಟ್ಟಾಗ ಅರ್ಧ ಸುತ್ತು ತಿರುವುವುದು, ಹತ್ತು ಹೊಡೆತಕ್ಕೊಮ್ಮೆ ಮಲಗಿ ಹಿಡಿಕೆ ಮುರಿದ ಒಂದು ಸಿಲ್ವಾರ ಚೆಂಬಿನಿಂದ ಮಣ್ಣನ್ನು ಬಾಚಿ ತೆಗೆಯುವುದು. ತೋಳು ಮುಟ್ಟದ ಆಳಕ್ಕೆ ಹೋದಾಗ ಚೆಂಬನ್ನು ಒಂದು ಕಟ್ಟಿಗೆಗೆ ಅಡ್ಡಲಾಗಿ ಕಟ್ಟಿಕೊಂಡರು. ಪಕ್ಕದ ಕುಣಿಯಲ್ಲಿ ಸಲಕಿ ಹಿಡಿದು ನಿಂತ ಮೊಮ್ಮಗನಿಗೆ ಹೇಳಿದ್ದು ಇಷ್ಟು: "ತೋಳು ಹೋಗುವಷ್ಟು ಸಾಕು ತಮ್ಮಾ. ನೀ ತೋಡೋದು ನೋಡಿದ್ರ ಕಂಬ ಹೂಳಾಕಲ್ಲ, ನನ್ನ ಹೂಳಾಕ ತೋಡಿದಂಗ ಅದ." ಹುಡುಗ ನಕ್ಕು ಮತ್ತೆ ಸಲಕಿಯನ್ನೇ ಹಾಕಿದ.

ಕೊನೆಗೆ ಮೂರು ಅಡಿಯೋ ಮೂರೂವರೆಯೋ ಮುಟ್ಟಿದ ಮೇಲೆ ಹಾರಿಯನ್ನು ಓರೆಯಾಗಿ ಇಳಿಸಿ ಬುಡದ ಸುತ್ತ ಮೂರು ಇಂಚು ಕೆತ್ತಬೇಕು. ಇದು ಒಂದು ಕುಣಿಗೆ ಅರ್ಧ ಗಂಟೆಯ ಹೆಚ್ಚಿನ ಕೆಲಸ. ಲಾಭವನ್ನು ಲೆಕ್ಕ ಹಾಕಿ: ಬುಡ ಒಂದೂವರೆ ಅಡಿ ಆದಾಗ, ಗಡ್ಡೆ ಮೇಲೇಳಬೇಕಾದರೆ ಆ ಉಬ್ಬಿನ ಮೇಲೆ ಕೂತ ಮಣ್ಣಿನ ಉಂಗುರವನ್ನೂ ಎತ್ತಿಕೊಂಡೇ ಏಳಬೇಕು. ಆ ಉಂಗುರದ ತೂಕವೇ 140 ಕಿಲೋ ಸಮೀಪ. 160 ಇದ್ದ ಹಿಡಿತ 300ಕ್ಕೆ ಮುಟ್ಟುತ್ತದೆ. ಬೇಸಿಗೆಯಲ್ಲಿ ಮಣ್ಣು ಸರಿದು ಸಂದು ಬಿಟ್ಟರೂ ಈ ತೂಕ ಎಲ್ಲಿಗೂ ಹೋಗುವುದಿಲ್ಲ. ಕುಣಿಯ ಮೇಲ್ಭಾಗದ ಗೋಡೆಯನ್ನು ಮಾತ್ರ ಆದಷ್ಟು ನುಣುಪಾಗಿ ಕೆತ್ತಿಡಬೇಕು. ಮಳೆಗಾಲದಲ್ಲಿ ಉಬ್ಬುವ ಎರಿಗೆ ಹಿಡಿದೆತ್ತಲು ಒರಟು ಸಿಗಬಾರದು. ಹಳೆಯ ಪ್ಲಾಸ್ಟಿಕ್ ತಾಡಪಾಲಿನ ತುಂಡನ್ನು ಮೇಲಿನ ಎರಡು ಅಡಿಗೆ ಸುತ್ತಿ ಕಾಂಕ್ರೀಟ್ ಹಾಕಿದರೆ ಇನ್ನೂ ಒಳ್ಳೆಯದು.

ಮರದ ಕಂಬ ನೆಡುವವರಿಗೆ ಕಾಂಕ್ರೀಟ್ ಬೇಡವೇ ಬೇಡ ಎಂಬುದು ನನ್ನ ಅಭಿಪ್ರಾಯ. ಮರವೂ ಕಾಂಕ್ರೀಟೂ ಬೇರೆ ಬೇರೆ ರೀತಿ ಹಿಗ್ಗಿ ಕುಗ್ಗುತ್ತವೆ. ಎರಡರ ನಡುವಿನ ಕೂದಲೆಳೆಯ ಸಂದಿಯಲ್ಲಿ ಮಳೆನೀರು ಇಳಿದು ಹೊರಗೆ ಬರಲು ದಾರಿಯಿಲ್ಲದೆ ನಿಲ್ಲುತ್ತದೆ. ಮರ ಕೊಳೆಯುವುದು ತುತ್ತತುದಿಯ ಬುಡದಲ್ಲಲ್ಲ, ನೆಲಮಟ್ಟದಿಂದ ಒಂದು ಗೇಣು ಮೇಲೆ ಕೆಳಗೆ, ಗಾಳಿಯೂ ತೇವವೂ ಎರಡೂ ಸಿಗುವ ಜಾಗದಲ್ಲಿ. ಕಂಬದ ಬುಡ ಸುಟ್ಟು ಕರಿ ಮಾಡಿ ಹೂಳುವ ಪದ್ಧತಿ ನಮ್ಮಲ್ಲಿ ಹಳೆಯದು. ಮೇಲ್ಮೈ ಮಾತ್ರ ಸುಟ್ಟರೆ ಸೀಳುಗಳ ಮೂಲಕ ಒರಲೆ ಒಳಹೋಗುತ್ತದೆ. ಹಾಗಾಗಿ ಸುಡುವುದರ ಜೊತೆಗೆ ನೆಲದಿಂದ ಒಂದಡಿ ಮೇಲಿನವರೆಗೆ ಡಾಂಬರು ಬಳಿಯಬೇಕು. ಜಾಲಿ, ಬೇವು ಒಂದಷ್ಟು ಬಾಳುತ್ತವೆ. ಅಗ್ಗಕ್ಕೆ ಸಿಗುವ ಹಸಿ ನೀಲಗಿರಿ ಬೊಡ್ಡೆ ಎರಿ ನೆಲದಲ್ಲಿ ಬೇಗ ಕೈ ಕೊಡುತ್ತದೆ. ಕಲ್ಲುಗಂಬ ಸಿಕ್ಕರೆ ಎಲ್ಲಕ್ಕಿಂತ ಲೇಸು. ರಾಯಚೂರು ಜಿಲ್ಲೆಯ ಗುಡ್ಡಗಳು ಬಹುಪಾಲು ಗ್ರಾನೈಟ್ ಮತ್ತು ಅದರ ನೆಂಟ ಶಿಲೆಗಳೇ. ಇಂಥ ಕಂಬಕ್ಕೆ ಒರಲೆಯಿಲ್ಲ, ತುಕ್ಕಿಲ್ಲ, ತನ್ನದೇ ತೂಕವೂ ಉಂಟು.

ಕಬ್ಬಿಣದ ಪೈಪು ಹೂಳುವವರು ಒಂದು ಕೆಲಸ ಮರೆಯಬಾರದು: ಬುಡಕ್ಕೆ ಅಡ್ಡಲಾಗಿ ಎರಡು ಸರಳು ವೆಲ್ಡ್ ಮಾಡಿಸುವುದು. ಇಲ್ಲವಾದರೆ ಗಡ್ಡೆ ನೆಲದಲ್ಲೇ ಉಳಿದು ಪೈಪು ಮಾತ್ರ ಜಾರಿ ಮೇಲೆ ಬರುತ್ತದೆ. ತುಂಗಭದ್ರಾ ಎಡದಂಡೆಯ ಮಾನ್ವಿ, ಸಿಂಧನೂರು ಕಡೆ ನೀರು ನಿಂತು ಸವಳಾದ ಹೊಲಗಳಲ್ಲಿ ಪೈಪು ನೆಲಮಟ್ಟದಲ್ಲೇ ತುಕ್ಕು ಹಿಡಿದು ತುಂಡಾಗುತ್ತದೆ. ನಾರಾಯಣಪುರ ಬಲದಂಡೆ ಕಾಲುವೆಯ ನೀರು ಬಂದ ಮೇಲೆ ದೇವದುರ್ಗ ತಾಲೂಕಿನಲ್ಲೂ ಭತ್ತದ ಗದ್ದೆಗಳಾಗಿವೆ. ಗದ್ದೆಗೆ ತಾಗಿದ ಶೆಡ್ಡಿನ ಒಂದು ಸಾಲು ಕಂಬ ವರ್ಷದ ಬಹುಕಾಲ ಹಸಿಯಲ್ಲಿ, ಇನ್ನೊಂದು ಸಾಲು ಒಣ ನೆಲದಲ್ಲಿ. ಶೆಡ್ಡಿಗೆ ಇದಕ್ಕಿಂತ ಕೆಟ್ಟ ಜಾಗ ಇಲ್ಲ. ಬದುವಿನಿಂದ ಆದಷ್ಟು ದೂರ ಹೋಗಿ.

ಇನ್ನು ಕಾಂಕ್ರೀಟ್ ಹಾಕದ ಕುಣಿಯನ್ನು ಮಣ್ಣಿನಿಂದ ಮತ್ತೆ ತುಂಬುವ ಮಾತು. ಇದಕ್ಕೊಂದು ಹಳೆಯ ಸಾಕ್ಷಿಯಿದೆ. ಪಕ್ಕದ ಅಂದಿನ ಮಹಬೂಬನಗರ ಜಿಲ್ಲೆಯ ಉಟ್ನೂರಿನಲ್ಲಿ 1957ರಲ್ಲಿ ರೇಮಂಡ್ ಆಲ್ಚಿನ್ ಎಂಬ ಪುರಾತತ್ತ್ವಜ್ಞರು ಒಂದು ಬೂದಿದಿಬ್ಬವನ್ನು ಅಗೆದರು. ಅದಕ್ಕೂ ಐದು ವರ್ಷ ಮೊದಲು ಅವರು ನಮ್ಮ ಜಿಲ್ಲೆಯ ಪಿಕ್ಲಿಹಾಳದಲ್ಲೂ ಅಗೆದಿದ್ದರು. ಉಟ್ನೂರಿನ ದಿಬ್ಬ ದನದ ಸಗಣಿ ಸುಟ್ಟ ಬೂದಿಯದು. ಅದರ ಕೆಳಗೆ ನಾಲ್ಕು ಸಾವಿರ ವರ್ಷಗಳಿಗೂ ಹಿಂದಿನ ದನದ ದೊಡ್ಡಿಯೊಂದು ಸಿಕ್ಕಿತು. ಸುತ್ತಲೂ ಸಾಲಾಗಿ ನೆಟ್ಟ ಮರದ ಕಂಬಗಳ ಕುಣಿಗಳು, ಒಳಗೆ ಹಸಿ ನೆಲದಲ್ಲಿ ಒತ್ತಿದ ದನಗಳ ಗೊರಸಿನ ಗುರುತುಗಳು. ಕಂಬಗಳು ಎಂದೋ ಸುಟ್ಟು, ಕೊಳೆತು ಹೋಗಿದ್ದವು. ಆದರೂ ಕುಣಿ ಎಲ್ಲಿತ್ತೆಂದು ತಿಳಿಯಿತು, ಯಾಕೆಂದರೆ ಒಮ್ಮೆ ತೋಡಿ ತುಂಬಿದ ಮಣ್ಣು ಸುತ್ತಲಿನ ಮಣ್ಣಿನ ಜೊತೆ ಪೂರ್ತಿ ಒಂದಾಗುವುದಿಲ್ಲ. ಬಣ್ಣ ಬೇರೆ, ಬಿಗಿ ಬೇರೆ. ಕರಣಿ ಹಿಡಿದು ಕೆರೆಯುವ ಅಗೆತದವರಿಗೆ ಆ ವ್ಯತ್ಯಾಸ ಕೈಗೇ ಹತ್ತುತ್ತದೆ. ಈ ಸೀಮೆಯಲ್ಲಿ ಶೆಡ್ಡು ಹಾಕುವ ಕಸುಬು ಎಷ್ಟು ಹಳೆಯದು ಎಂಬುದು ಒಂದು ಕಡೆಗಿರಲಿ, ನಮಗೆ ಬೇಕಾದ ಪಾಠ ಬೇರೆಯಿದೆ: ನಾಲ್ಕು ಸಾವಿರ ವರ್ಷಕ್ಕೆ ಕೂಡದ ಮಣ್ಣು ಮುಂದಿನ ಬೇಸಿಗೆಯೊಳಗೆ ತಾನಾಗಿ ಕೂಡುತ್ತದೆಂದು ಕಾಯುವಂತಿಲ್ಲ. ಧಮ್ಮಸು ಹಾಕಿ ಕೂಡಿಸಬೇಕು.

ಅರ್ಧ ಅಡಿ ತುಂಬು, ಹಾರಿಯ ಹಿಂಬದಿಯಿಂದ ಸುತ್ತಲೂ ಕುಟ್ಟು, ಮತ್ತೆ ಅರ್ಧ ಅಡಿ ತುಂಬು. ಹಾರಿ ಟಕ್ಕೆಂದು ಪುಟಿಯುವವರೆಗೆ ಕುಟ್ಟಬೇಕು. ಧಪ್ಪೆಂದು ಇಳಿಯುತ್ತಿದ್ದರೆ ಇನ್ನೂ ಆಗಿಲ್ಲ. ಬುಡದಲ್ಲಿ ಒಂದು ಕಡೆ, ಬಾಯಿಯ ಹತ್ತಿರ ಅದರ ಎದುರು ಕಡೆ ಒಂದೊಂದು ದಪ್ಪ ಕಲ್ಲು ಬೆಣೆಯಂತೆ ಬಿಗಿದರೆ ಕಂಬ ವಾಲುವುದಿಲ್ಲ. ಪೂರ್ತಿ ತುಂಬಿ ಮೇಲಿಂದ ಮಾತ್ರ ಕಾಲಿನಿಂದ ತುಳಿಯುವುದು ತುಂಬಿದ ಹಾಗಲ್ಲ.

ಯಾವ ಮಣ್ಣು ತುಂಬಬೇಕು ಎಂಬುದು ಇನ್ನೂ ಮುಖ್ಯ. ತೋಡಿದ ಎರಿಯನ್ನೇ ತಿರುಗಿ ತುಂಬಿದರೆ ಅದು ಕಂಬಕ್ಕೆ ಅಂಟಿಕೊಂಡೇ ಉಬ್ಬಿ ಕುಗ್ಗುತ್ತದೆ. ಮರಳು ತುಂಬಿದರೆ ಮಳೆನೀರಿಗೆ ಸಲೀಸು ದಾರಿ, ಕುಣಿ ಸಣ್ಣ ಬಾವಿಯಾಗುತ್ತದೆ. ಮುಂಬಯಿ ಐಐಟಿಯಲ್ಲಿದ್ದ ಆರ್.ಕೆ. ಕಟ್ಟಿ ಅವರು ಎರೆ ಮಣ್ಣಿನ ಮೇಲೆ ಬಹಳ ವರ್ಷ ದುಡಿದು ತೋರಿಸಿದ್ದು ಇದನ್ನೇ. ಉಬ್ಬುವ ಎರೆಯನ್ನು ತಡೆಯಲು ಮರಳಿಗಿಂತ ಉಬ್ಬದ, ಆದರೆ ಅಂಟು ಇರುವ ಮಣ್ಣಿನ ಪದರ ಹೆಚ್ಚು ಕೆಲಸ ಮಾಡುತ್ತದೆ ಎಂಬುದು ಅವರ ಶೋಧ. ಎರೆ ನೆಲದ ಕಾಲುವೆಗಳ ಕೆಳಗೆ, ಅಡಿಪಾಯಗಳ ಕೆಳಗೆ ಈ ಪದರ ಹಾಸುವ ಪದ್ಧತಿ ಅಲ್ಲಿಂದ ಬೆಳೆಯಿತು. ರೈತನ ಮಾತಿನಲ್ಲಿ ಹೇಳುವುದಾದರೆ ಅದು ಜಿಗುಟುಳ್ಳ ಗರಸು, ಮಸಾರಿ ಹೊಲದ ಕೆಳಪದರದಲ್ಲಿ ಸಿಗುವಂಥದು. ದೇವದುರ್ಗ ತಾಲೂಕಿನಲ್ಲಿ ಎರಿಯೂ ಮಸಾರಿಯೂ ಅಕ್ಕಪಕ್ಕದಲ್ಲೇ ಇವೆ. ಒಂದು ಟ್ರಾಲಿ ಗರಸು ತರಿಸಿದರೆ ಆರು ಕುಣಿಗೆ ಮಿಕ್ಕುತ್ತದೆ. ಹದವಾಗಿ ನೀರು ಚಿಮುಕಿಸಿ ಕುಟ್ಟಿದರೆ ಕಲ್ಲಿನಂತೆ ಕೂಡುತ್ತದೆ. ಕುಣಿಯ ಬಾಯಿಯಲ್ಲಿ ಅರ್ಧ ಅಡಿ ಎತ್ತರ ದಿಬ್ಬ ಮಾಡಿ ನೀರು ಕಂಬದಿಂದ ಆಚೆ ಹರಿಯುವಂತೆ ಇಳಿಜಾರು ಬಿಡಿ. ಸೂರಿನ ನೀರು ಕಂಬದ ಬುಡಕ್ಕೇ ಬೀಳುವಂತೆ ತಗಡು ಕತ್ತರಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಒಂದಡಿ ಹೆಚ್ಚು ಚಾಚಿದರೆ ಕಳೆದುಕೊಳ್ಳುವುದೇನು?

ಮಸಾರಿ ಹೊಲದವರು ಇಷ್ಟೆಲ್ಲ ತಲೆ ಕೆಡಿಸಿಕೊಳ್ಳಬೇಕಿಲ್ಲ. ಅಲ್ಲಿನ ಕಷ್ಟ ತೋಡುವುದರಲ್ಲಿ. ಎರಡು ಅಡಿಗೆ ಗಟ್ಟಿ ಗರಸು, ಮುಂದೆ ಬಂಡೆ. ಬಂಡೆ ಹತ್ತಿದ ಕಡೆ ಕುಣಿ ಆಯಿತೆಂದು ಬಿಡಬಾರದು, ಅಲ್ಲಿ ಆಳ ಕಡಿಮೆಯಾಗಿರುತ್ತದೆ. ಬಂಡೆಗೆ ಒಂದಡಿ ಡ್ರಿಲ್ ಹೊಡೆಸಿ ಸರಳು ಕೂಡಿಸಿ ಅದಕ್ಕೆ ಕಂಬ ಬಿಗಿಯಬೇಕು.

ತೋಡುವ ಕಾಲದ ಬಗ್ಗೆ ನಮ್ಮ ರೂಢಿ ತಪ್ಪು ಎನ್ನದೆ ವಿಧಿಯಿಲ್ಲ. ಹತ್ತಿ ಬಿಡಿಸಿ, ಜೋಳ ಕೊಯ್ದು, ಹೊಲ ಖಾಲಿಯಾಗಿ ಕೈಯಲ್ಲಿ ನಾಲ್ಕು ಕಾಸು ಓಡಾಡುವಾಗ ಶೆಡ್ಡಿನ ವಿಚಾರ ಬರುವುದು ಸಹಜ. ಆದರೆ ಮಾರ್ಚ್–ಏಪ್ರಿಲ್‌ನ ಎರಿ ಇಟ್ಟಿಗೆಯಷ್ಟು ಗಟ್ಟಿ, ಮೈತುಂಬ ಬಿರುಕು. ಕಾಂಕ್ರೀಟಿನ ನೀರನ್ನು ಒಣ ಮಣ್ಣು ಹೀರಿಬಿಡುತ್ತದೆ, ಸಿಮೆಂಟಿನ ಹಾಲು ಬಿರುಕಿನೊಳಗೆ ಸೋರಿ ಹೋಗುತ್ತದೆ. ಜುಲೈ–ಆಗಸ್ಟ್‌ನಲ್ಲಾದರೆ ಹಾರಿಗೆ ಮೆತ್ತಿದ ಮಣ್ಣು ಬಿಡಿಸುವುದರಲ್ಲೇ ಹೊತ್ತು ಹೋಗುತ್ತದೆ. ದೀಪಾವಳಿಯಿಂದ ಸಂಕ್ರಾಂತಿಯವರೆಗೆ ಎರಿ ಹದಕ್ಕಿರುತ್ತದೆ, ಉಬ್ಬು–ಕುಗ್ಗುಗಳ ನಡುವಿನ ಸ್ಥಿತಿಯಲ್ಲಿರುತ್ತದೆ. ಶೆಡ್ಡಿನ ಜಾಗ ಬೆಳೆಯಿಂದ ಹೊರಗಿದ್ದರೆ ಆಗಲೇ ಕುಣಿ ತೋಡಿ ಕಂಬ ನಿಲ್ಲಿಸಿ, ತಗಡು ಬೇಕಾದರೆ ಸುಗ್ಗಿಯ ದುಡ್ಡು ಬಂದ ಮೇಲೆ ಏರಿಸಬಹುದು. ಬೇಸಿಗೆಯಲ್ಲೇ ತೋಡಬೇಕಾದ ಅನಿವಾರ್ಯವಿದ್ದರೆ ಹಿಂದಿನ ಸಂಜೆ ಅರ್ಧ ಕೊಡ ನೀರು ಹಾಕಿ ಇಂಗಿಸಿ, ಅರ್ಧ ಅಡಿ ತೋಡಿ, ಮತ್ತೆ ನೀರು ಹಾಕುತ್ತ ಹೋಗಬೇಕು. ಕಾಂಕ್ರೀಟಿಗೆ ಮೊದಲು ಬಿರುಕುಗಳಿಗೆ ಗರಸು ತುರುಕಬೇಕು.

ಟ್ರ್ಯಾಕ್ಟರಿಗೆ ಕಟ್ಟುವ ಕುಣಿ ತೋಡುವ ಯಂತ್ರ ಈಗ ಬಾಡಿಗೆಗೆ ಸಿಗುತ್ತದೆ. ದಾಳಿಂಬೆ, ಮಾವು ನೆಡುವವರು ತರಿಸುವ ಅದೇ ಗಿರಮಿಟ್. ಒಂದಡಿ ಅಗಲದ ನೇರ ಕುಣಿ, ಮೂರು ಅಡಿ ಆಳ, ನಿಮಿಷಗಳ ಕೆಲಸ. ನನ್ನ ಮಟ್ಟಿಗೆ ಇದು ಒಳ್ಳೆಯ ಖರ್ಚು, ಯಾಕೆಂದರೆ ಬಾಯಿ ಅಗಲವಾಗುವ ರೋಗ ತಪ್ಪುತ್ತದೆ. ಬುಡ ಕೆತ್ತುವುದು ಮಾತ್ರ ನಮ್ಮ ಕೈಯದೇ. ಹಸಿ ಎರಿಯಲ್ಲಿ ಯಂತ್ರ ತಿರುಪಿನಂತೆ ಕೆಳಗಿಳಿದು ಸಿಕ್ಕಿಕೊಳ್ಳುವುದುಂಟು. ಸ್ವಲ್ಪ ಇಳಿಸಿ, ಎತ್ತಿ, ಮಣ್ಣು ಉದುರಿಸಿ ಮತ್ತೆ ಇಳಿಸಬೇಕು. ತಿರುಗುವ ಗಿರಮಿಟ್‌ನ ಹತ್ತಿರ ಲುಂಗಿ, ಹೆಗಲ ಮೇಲಿನ ಟವೆಲು, ಸೀರೆಯ ಸೆರಗು ಇರಕೂಡದು. ತೋಡುವ ಮುನ್ನ ಬೋರಿನ ಕೇಬಲ್, ನೀರಿನ ಪೈಪು ಎಲ್ಲಿ ಹೋಗಿವೆ ಎಂದು ನೆನಪು ಮಾಡಿಕೊಳ್ಳಿ. ಮೇಲೆ ತಂತಿ ಇದೆಯೇ ಎಂದು ನೋಡಿ, ಇಪ್ಪತ್ತು ಅಡಿಯ ಪೈಪು ನಿಲ್ಲಿಸುವಾಗ ಕಣ್ಣು ಕೆಳಗಿನ ಕುಣಿಯ ಮೇಲಿರುತ್ತದೆ.

ಕುಣಿಗಳನ್ನು ರಾತ್ರಿ ತೆರೆದು ಬಿಡಬಾರದು. 2007ರಲ್ಲಿ ನಮ್ಮದೇ ಮಾನ್ವಿ ತಾಲೂಕಿನ ನೀರಮಾನ್ವಿಯಲ್ಲಿ ತೆರೆದ ಕೊಳವೆಬಾವಿಗೆ ಬಾಲಕನೊಬ್ಬ ಬಿದ್ದು ಸತ್ತಿದ್ದನ್ನು ಜಿಲ್ಲೆ ಮರೆತಿಲ್ಲ. ಕಂಬದ ಕುಣಿ ಅಷ್ಟು ಆಳವಲ್ಲ, ನಿಜ. ಆದರೆ ಒಂದಡಿ ಅಗಲ, ಮೂರೂವರೆ ಅಡಿ ಆಳದ ಕುಣಿಯಲ್ಲಿ ತಲೆಕೆಳಗಾಗಿ ಬಿದ್ದ ಎರಡು ವರ್ಷದ ಕೂಸು ತಾನಾಗಿ ಮೇಲೆ ಬರಲಾರದು, ಆಡಿನ ಮರಿ ಕಾಲು ಮುರಿದುಕೊಳ್ಳುತ್ತದೆ. ಒಂದೊಂದು ಪರಸಿ ಕಲ್ಲು ಮುಚ್ಚಿದರೆ ಮುಗಿಯಿತು. ಬೆಳಿಗ್ಗೆ ಕಲ್ಲು ಸರಿಸಿ ಕೈ ಹಾಕುವ ಮೊದಲು ಒಳಗೆ ಬೆಳಕು ಬಿಟ್ಟು ನೋಡಿ, ತಂಪಿಗೆ ಚೇಳು ಇಳಿದಿರುತ್ತದೆ.

ಗುರುತು ಹಾಕುವ ಕೆಲಸ ಸುಲಭ, ಆದರೂ ಹೇಳಿಬಿಡುತ್ತೇನೆ. ಒಂದು ಮೂಲೆಯಿಂದ ಒಂದು ಕಡೆ ಮೂರು ಅಡಿ, ಇನ್ನೊಂದು ಕಡೆ ನಾಲ್ಕು ಅಡಿ ಅಳೆದು ಗುರುತು ಮಾಡಿ. ಎರಡು ಗುರುತುಗಳ ನಡುವೆ ಸರಿಯಾಗಿ ಐದು ಅಡಿ ಇದ್ದರೆ ಮೂಲೆ ಮಟ್ಟ. ಕೊನೆಗೆ ಎದುರುಬದುರು ಮೂಲೆಗಳ ನಡುವೆ ದಾರ ಹಿಡಿಯಿರಿ, ಎರಡೂ ದಾರ ಸಮನಾಗಿರಬೇಕು. ದಾರ ಕಟ್ಟುವ ಗೂಟಗಳು ಕುಣಿಯ ಜಾಗದಿಂದ ಮೂರು ಅಡಿ ಆಚೆ ಇರಲಿ. ಕುಣಿಯ ಜಾಗದಲ್ಲೇ ಗೂಟ ಹೊಡೆದರೆ ತೋಡುವಾಗ ಗುರುತೂ ಮಣ್ಣಿನ ಜೊತೆ ಹೊರಗೆ ಬರುತ್ತದೆ. ಕಂಬ ನಿಂತ ಮೇಲೆ ಓಳಂಬಿಯನ್ನು ಎರಡು ಮಗ್ಗುಲಿಂದ ಬಿಟ್ಟು ನೋಡಬೇಕು. ಎತ್ತರವನ್ನು ನೀರು ತುಂಬಿದ ಪಾರದರ್ಶಕ ಪೈಪಿನಿಂದ ಸಮ ಮಾಡಿ, ಮಿಕ್ಕಿದ್ದನ್ನು ಮೇಲೆ ಕೊಯ್ಯಬೇಕು. ಎಲ್ಲ ಕಂಬ ಒಂದೇ ಎತ್ತರ ಬರಲೆಂದು ಕುಣಿಯ ಆಳವನ್ನೇ ಹೆಚ್ಚು ಕಡಿಮೆ ಮಾಡುವವರಿದ್ದಾರೆ. ಕಲ್ಲುಗಂಬ ಕೊಯ್ಯಲು ಬರುವುದಿಲ್ಲವೆಂಬ ಕಾರಣಕ್ಕೆ ಅದು ಕ್ಷಮ್ಯ. ಅಂಥಲ್ಲಿ ಅತಿ ಗಿಡ್ಡ ಕಂಬಕ್ಕೂ ಮೂರು ಅಡಿ ಆಳ ಸಿಗುವಂತೆ ಮೊದಲೇ ಲೆಕ್ಕ ಹಾಕಿಕೊಂಡು ಉಳಿದವನ್ನು ಇನ್ನಷ್ಟು ಆಳಕ್ಕೆ ಇಳಿಸಬೇಕು.

ಮೊದಲ ಮಳೆಗಾಲ ಕಳೆದು ನೆಲ ಆರಿದ ಮೇಲೆ ಒಂದು ಸುತ್ತು ಹೋಗಿ ಪ್ರತಿ ಕಂಬದ ಬುಡ ನೋಡಿ. ಸುತ್ತ ಸಂದು ಬಿಟ್ಟಿದ್ದರೆ ಒಣ ಗರಸು ಸುರಿದು ಸರಳಿನಿಂದ ತುರುಕಿ ಕುಟ್ಟಿ, ದಿಬ್ಬ ಕುಸಿದಿದ್ದರೆ ಮತ್ತೆ ಏರಿಸಿ. ಮೂರನೇ ವರ್ಷದ ಹೊತ್ತಿಗೆ ಈ ಕೆಲಸ ಬಹಳ ಕಡಿಮೆಯಾಗುತ್ತದೆ. ಯುಗಾದಿ ಮುಗಿದ ವಾರ, ಗಾಳಿ ಶುರುವಾಗುವುದಕ್ಕೆ ಮುಂಚೆ ಇದನ್ನು ಮಾಡಿದರೆ ಸಾಕು. ಆರು ಕಂಬಕ್ಕೆ ಎರಡು ಪುಟ್ಟಿ ಗರಸು ಸಾಲುತ್ತದೆ.